ಮೂರು ಸೈಕಲ್ಲಾದ ಒಂದು ಸೈಕಲ್

ರಾಣೆಬೆನ್ನೂರಿನಲ್ಲಿ ಅಪ್ಪ ಬಿಟ್ಟುಹೋದ ಸೈಕಲ್ ಅಂಗಡಿಯನ್ನು ನಾನು ನಡೆಸುತ್ತೇನೆ. ಪಂಚರ್, ಬ್ರೇಕು, ಚೈನು ದಿನದ ಕೆಲಸ. ನಡುನಡುವೆ ಹಳೆಯ ಫ್ರೆಂಚ್ ರೇಸ್ ಸೈಕಲ್ಲುಗಳೂ ರಿಪೇರಿಗೆ ಬರುತ್ತವೆ. ನಮ್ಮ ಸೈಕಲ್ಲುಗಳಲ್ಲಿ ಪೆಡಲಿನ ಬುಡದ ಬಲಗಡೆ ಇರುವ ‘ಕಪ್’ ಎಂಬ ತಿರುಪಿನ ಬಳೆ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ. ಆ ಹಳೆಯ ಫ್ರೆಂಚ್ ಸೈಕಲ್ಲುಗಳಲ್ಲಿ ಎರಡೂ ಕಡೆ ಒಂದೇ ದಿಕ್ಕು. ಮೊದಲನೆಯದರ ತಿರುಪಿನ ಹಲ್ಲು ಕೆಡಿಸಿಯೇ ನಾನು ಅದನ್ನು ಕಲಿತದ್ದು.

ಹಾವೇರಿಯ ಒಬ್ಬ ವ್ಯಾಪಾರಿ ಎರಡು ವರ್ಷದ ಹಿಂದೆ ಅಂಥದ್ದೊಂದನ್ನು ತಂದುಕೊಟ್ಟ. ಮೇಲಿನ ದಪ್ಪ ಕರಿಬಣ್ಣವನ್ನು ಮೂರು ವಾರ ನಿಧಾನಕ್ಕೆ ಕೆರೆದಾಗ, ಒಳಗಿನಿಂದ ಅದರ ಮೂಲದ ತಿಳಿನೀಲಿ ಹೊರಬಂತು. ಬರೀ ಫ್ರೇಮನ್ನು ಎರಡು ಬೆರಳಲ್ಲಿ ಎತ್ತಬಹುದಿತ್ತು. ಒಯ್ಯಲು ಬಂದ ವ್ಯಾಪಾರಿ, ಅಸಲಿ ಎಂದು ಪತ್ರ ಬರೆದುಕೊಡಿ ಎಂದ. ನಾನು ಹುಮ್ಮಸ್ಸಿನಲ್ಲಿ ಎರಡು ಪುಟ ಬರೆದೆ. ಪೆಡಲಿನ ಬುಡದಲ್ಲಿ ಒತ್ತಿದ ನಂಬರು ಮತ್ತು ಅಲ್ಲಿನ ಹಲ್ಲು, ಹ್ಯಾಂಡಲ್ ಕೆಳಗೆ ಅರದಿಂದ ತೀಡಿದ ಜೋಡಣೆ, ಹಿಂದಿನ ಗಾಲಿ ಕೂರುವ ಕಡೆಯ ಮುದ್ರೆ: ಈ ಮೂರರಿಂದ ಅಸಲಿಯನ್ನು ಗುರುತಿಸಬೇಕು ಎಂದು ಫೋಟೋ ಸಮೇತ ವಿವರಿಸಿದೆ.

ಹೋದ ವರ್ಷ ಬ್ಯಾಡಗಿಯಿಂದ ಫೋನು ಬಂತು. ಮೆಣಸಿನಕಾಯಿ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರು. ನನ್ನ ಪತ್ರ ನೋಡಿ ಆ ಸೈಕಲ್ ಕೊಂಡಿದ್ದರು. ಒಮ್ಮೆ ಬಂದು ನೋಡಿ ಎಂದು ಕರೆದರು.

ಹಿತ್ತಲ ಕೋಣೆಯಲ್ಲಿ ಹಳೆಯ ಪಂಚೆ ಹೊದಿಸಿ ಅದನ್ನು ನಿಲ್ಲಿಸಿದ್ದರು. ಮೆಣಸಿನಕಾಯಿ ಘಾಟಿಗೆ ನನಗೆ ಕೆಮ್ಮು ಬಂತು.

“ಕಾಲೇಜಿನ್ಯಾಗ ಬಾಡಿಗಿ ಸೈಕಲ್ ಮ್ಯಾಲೆ ರೇಸ್ ಗೆದ್ದಾಂವ ನಾ. ಇಂಥಾದ್ದು ಒಂದು ಬೇಕಂತ ಆಗಿಂದ ಆಸೆ ಇತ್ತರಿ ಅಕ್ಕಾರ,” ಎಂದರು.

ತಿಳಿನೀಲಿ ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಅದೇ ನಂಬರು. ಸ್ಪ್ಯಾನರ್ ಹಾಕಿ ಬಲಗಡೆಯ ಕಪ್ ತಿರುಗಿಸಿದೆ, ಫ್ರೆಂಚ್ ಹಲ್ಲೇ. ಆದರೆ ಎತ್ತಿದಾಗ ಕೈಗೆ ಭಾರ. ಉಗುರಿನಿಂದ ಕೊಳವೆ ಬಡಿದೆ. ತೆಳುವಾದ ಕೊಳವೆ ಕೊಡುವ ಸದ್ದು ಇರಲಿಲ್ಲ. ಅವರ ಒಪ್ಪಿಗೆ ಕೇಳಿ, ಪೆಡಲಿನ ಬುಡದ ಪಕ್ಕ ಬಣ್ಣ ಕೆರೆದೆ. ಮೊದಲು ಪುಟ್ಟಿ ಬಂತು. ಅದರಡಿ, ಹುಣ್ಣಿನ ಅಂಚಿನಂತೆ ಉಬ್ಬಿದ ವೆಲ್ಡಿಂಗ್ ಗೆರೆ.

ನಂಬರಿದ್ದ ಆ ಒಂದು ತುಂಡನ್ನು ಯಾರೋ ಅಸಲಿಯಿಂದ ಕೊಯ್ದು, ಮಾಮೂಲಿ ಫ್ರೇಮಿಗೆ ಬೆಸೆದಿದ್ದರು.

ಇದ್ದದ್ದನ್ನು ಹೇಳಿದೆ. “ನೀವು ಪತ್ರ ಬರೆದಿದ್ರಿ ಅಂತ ತಗೊಂಡೆನ್ರಿ,” ಎಂದರು. ಅದರಲ್ಲಿ ಆಪಾದನೆಯಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಹಾವೇರಿಗೆ ಹೋದೆ. ವ್ಯಾಪಾರಿ ಚಹಾ ತರಿಸಿದ. ನಾನು ಮುಟ್ಟಲಿಲ್ಲ.

“ಅದನ್ನ ಯಾಕ ಕೊಯ್ದಿ?”

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ಒಂದರಾಗ ಮೂರು ಮಾಡೇನಿ. ಒಂದಕ್ಕ ನಂಬರಿನ ತುಂಡು, ಒಂದಕ್ಕ ಹ್ಯಾಂಡಲ್ ಕೆಳಗಿಂದು, ಒಂದಕ್ಕ ಹಿಂದಿಂದು. ನಿಮ್ಮ ಪತ್ರದಾಗ ಐತಲ್ಲ, ಎಲ್ಲೆಲ್ಲಿ ನೋಡಬೇಕು ಅಂತ. ಮೂರೂ ಯಾರೂ ನೋಡಂಗಿಲ್ಲ. ಒಂದು ಕೂಡಿದ್ರ ಸಾಕು, ನಂಬತಾರ.”

ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ. ಪಾಠ ಒಪ್ಪಿಸಿದವನ ಸಮಾಧಾನವಿತ್ತು. ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕಿಕೊಟ್ಟವಳು ನಾನೇ. ಅವನ ಮೇಲೆ ಹುಟ್ಟಿದ ಹೇಸಿಗೆ ನನ್ನ ಬರಹದ ಮೇಲೂ ಬಂದು ಕೂತಿತು.

ಮೂಲೆಯಲ್ಲಿ ಉಳಿದ ಕೊಳವೆಗಳು ಬಿದ್ದಿದ್ದವು, ಮೂರು ವಾರ ಕಾದು ಹೊರತಂದ ಆ ನೀಲಿಯ ಮೇಲೆ ಗರಗಸದ ಪುಡಿ ಮೆತ್ತಿಕೊಂಡು. ಉಳಿದೆರಡನ್ನು ಕೊಂಡವರು ಯಾರೆಂದು ಕೇಳಿದೆ, ಹೇಳಲಿಲ್ಲ. ಎದ್ದು ಬಂದೆ.

ಬ್ಯಾಡಗಿಯ ಹಿರಿಯರಿಗೆ ಫೋನು ಮಾಡಿ, “ಅದನ್ನ ಅವಂಗ ವಾಪಸ್ ಕೊಟ್ಟು ರೊಕ್ಕ ಇಸ್ಕೋರಿ,” ಎಂದೆ.

“ಕೊಟ್ರ ಇನ್ನೊಬ್ಬರ ಕೊರಳಿಗೆ ಕಟ್ಟತಾನ್ರಿ. ನೀವ ಬಂದು ಕೊಯ್ದು ಹಾಕ್ರಿ.”

ಹೋದೆ. ಅವರು ಫ್ರೇಮು ಅದುಮಿ ಹಿಡಿದರು, ನಾನು ಗರಗಸ ಎಳೆದೆ. ಅರ್ಧ ಮಧ್ಯಾಹ್ನ ಹಿಡಿಯಿತು. ನಂಬರನ್ನು ಅರದಿಂದ ತಿಕ್ಕಿ ಅಳಿಸಿದೆ. ಗುಜರಿಯವನು ಬಂದು ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೋದ.

ಈಗಲೂ ಕೆಲವರು ಹಳೆಯ ಫ್ರೇಮು ತಂದು ಕೇಳುತ್ತಾರೆ. ನೋಡಿ, ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತೇನೆ. ಹೇಗೆ ಗೊತ್ತಾಯಿತು ಎಂದು ಆಸೆಯಿಂದ ಕೇಳುವವರಿಗೂ ಬಾಯಿ ಬಿಡುವುದಿಲ್ಲ. ಅವರು ನನ್ನನ್ನು ಜಿಪುಣಿ ಎಂದುಕೊಂಡು ಹೋಗುತ್ತಾರೆ. ಈ ಕೆಲಸದಲ್ಲಿ ನನಗೆ ನಿಜವಾದ ಖುಷಿಯಿದ್ದದ್ದು ಹೇಳಿಕೊಡುವುದರಲ್ಲೇ.