ಶಾವಿಗೆ ಪಾಳಿ ಬೇಡವೆಂದ ವರ್ಷ

ಬಿಪಿ ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದು ಡಾಕ್ಟರು ಎರಡನೇ ಸಲವೂ ನನ್ನನ್ನು ವಾಪಸ್ ಕಳಿಸಿದರು. ಗರ್ಭಕೋಶದ ಗಂಟು ಬೆಳೆಯುತ್ತಿದೆ, ತಡಮಾಡಬಾರದು ಎಂದವರೂ ಅವರೇ. ನಾನು ಗುಳಿಗೆ ತಪ್ಪಿಸಿರಲಿಲ್ಲ, ಉಪ್ಪಿನಕಾಯಿ ಮುಟ್ಟಿರಲಿಲ್ಲ. ಆದರೂ ನರ್ಸ್ ತೋಳಿಗೆ ಪಟ್ಟಿ ಸುತ್ತಿದ ಕೂಡಲೇ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ರಾಮದುರ್ಗದ ನಮ್ಮ ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ಕನಿಕರ ಕಂಡರಾಗದು. ಮನೆಯವರಿಗೆ ಕಿತ್ತೂರಿನಲ್ಲಿ ಕೆಲಸ, ಭಾನುವಾರ ಮಾತ್ರ ಬರುತ್ತಾರೆ. ಅವರಿಗೂ ಅರ್ಧವನ್ನೇ ಹೇಳಿದ್ದೆ. ಊರ ದವಾಖಾನೆಯಲ್ಲಿ ಯಾರಾದರೂ ಕಂಡುಬಿಟ್ಟಾರೆಂದು ಬಸ್ ಹತ್ತಿ ಬೈಲಹೊಂಗಲಕ್ಕೆ ಹೋಗುತ್ತಿದ್ದೆ. ಕೇಳಿದವರಿಗೆ ತಂಗಿಯ ಮನೆಗೆ ಎನ್ನುತ್ತಿದ್ದೆ. ಯಾರಿಗೆ ಏನು ಹೇಳಿದೆ ಎಂದು ನೆನಪಿಡುವುದೇ ಒಂದು ಉದ್ಯೋಗವಾಯಿತು.

ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಪಾಳಿ ಹಚ್ಚಿ ಒಬ್ಬೊಬ್ಬರ ಮನೆಯಲ್ಲಿ ಶಾವಿಗೆ ಹೊಸೆಯುತ್ತೇವೆ. ಈ ವರ್ಷ ನನ್ನ ಪಾಳಿ ಬೇಡ ಎಂದು ಹೇಳಿಕಳಿಸಿದೆ. ಸೂತಕದ ಮನೆಯವರ ಹೊರತು ಯಾರೂ ಪಾಳಿ ಬಿಡುವುದಿಲ್ಲ ಎಂಬುದು ಈ ಜಾಣೆಗೆ ಹೊಳೆಯಲಿಲ್ಲ.

ಅಂದೇ ಸಂಜೆ ಪಾಳಿಯ ಲೆಕ್ಕ ಇಡುವ ಎದುರು ಮನೆಯ ಚಾಚಿ ಬಂದು ಹೊಸ್ತಿಲಲ್ಲಿ ಕುಳಿತರು. ಅವರ ಮಗ ಟೆಂಪೋ ಓಡಿಸುತ್ತಾನೆ. ಬ್ರೇಕಿಲ್ಲದ್ದು ತಾಯಿಯ ಬಾಯಿಗೆ.

"ಏನಾಗೇತಿ ನಿನಗ? ಖರೇ ಹೇಳು."

"ಏನಿಲ್ಲ ಚಾಚಿ."

"ಏನಿಲ್ಲಂದ್ರ ಶಾವಿಗಿ ಯಾಕ ಬ್ಯಾಡ?"

ಉತ್ತರಿಸಲು ಹೋದರೆ ಅಳು ಬಂತು. ನಾಚಿಕೆಗಿಂತ ಹೆದರಿಕೆಯೇ ಹೆಚ್ಚಿತ್ತು. ಎಲ್ಲ ಹೇಳಿಬಿಟ್ಟೆ, ಆಪರೇಷನ್ ಟೇಬಲ್ಲಿನಿಂದ ಏಳದಿದ್ದರೆ ಎಂಬ ಭಯವನ್ನೂ. ಇನ್ನು ಇವರು ಓಣಿಗೆಲ್ಲ ಡಂಗುರ ಸಾರುತ್ತಾರೆಂದು ಹೊಸ ಚಿಂತೆ ಹತ್ತಿತು. ಸಾರಿದರು ಕೂಡ. ಮರುದಿನ ಬೆಳಗ್ಗೆ ನಾಲ್ವರು ಬಂದರು. ಒಬ್ಬರೂ ಕನಿಕರ ತೋರಲಿಲ್ಲ, ಮುಚ್ಚಿಟ್ಟದ್ದಕ್ಕೆ ಚೆನ್ನಾಗಿ ಬೈದು ಹೋದರು.

ಮೂರನೇ ಸಲ ಬೈಲಹೊಂಗಲಕ್ಕೆ ಚಾಚಿ ಜೊತೆಗೆ ಬಂದರು. ದವಾಖಾನೆಯ ಬೆಂಚಿನ ಮೇಲೆ ಸೊಸೆಯ ಮೇಲಿನ ದೂರು ಶುರುವಾಯಿತು: ಅವಳು ಮಾಡುವುದು ಕಡಿಮೆ, ತಿನ್ನುವುದು ಹೆಚ್ಚು. ನರ್ಸ್ ಪಟ್ಟಿ ಬಿಗಿದಾಗಲೂ ನಿಲ್ಲಲಿಲ್ಲ. ನಾನು ಹೂಂಗುಟ್ಟುತ್ತಿದ್ದೆ. ನರ್ಸ್ ಎರಡೆರಡು ಸಲ ಬಿಪಿ ನೋಡಿದಳು. ಮತ್ತೆ ವಾಪಸ್ಸೇ ಎಂದುಕೊಂಡೆ.

"ಬಿಪಿ ಇಳದೇತಿ. ಸೋಮವಾರ ಅಡ್ಮಿಟ್ ಆಗ್ರಿ," ಎಂದರು ಡಾಕ್ಟರು.

ಬಸ್ಸು ಸವದತ್ತಿ ದಾಟುವಾಗ ಚಾಚಿ ಹೇಳಿದರು, "ಸೋಮವಾರ ನಿನ್ನ ಪಾಳಿ. ನಾ ಬಿಡಿಸಿಲ್ಲ. ಕೀಲಿ ಕೊಟ್ಟ ಹೋಗು, ನಾವ ಹೊಸೀತೇವಿ."

ಸೋಮವಾರ ಬೆಳಗ್ಗೆ ಕೀಲಿ ಕೊಟ್ಟೆ. ಭಯ ಎಲ್ಲಿಗೂ ಹೋಗಿರಲಿಲ್ಲ.

"ಚಾಚಿ, ತಿನ್ನಾಕ ನಾ ಬರ್ತೇನೋ ಇಲ್ಲೋ."

"ಬರದ ಎಲ್ಲಿ ಹೋಗ್ತಿ?" ಎಂದು ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. "ಅಷ್ಟೂ ನನ್ನ ಸೊಸಿ ತಿನ್ನೂದ ಬ್ಯಾಡ."