ಮೈಲಾರವ್ವ ಕಟ್ಟದ ದಿಗ್ಬಂಧನ

ದೂರದ ಒಂದು ದೇಶದ ಮೇಲೆ ದಿಗ್ಬಂಧನ ಬಿದ್ದರೆ ಅಣ್ಣಿಗೇರಿ ಕಡೆಯ ಹತ್ತಿ ಗಿರಣಿಯಲ್ಲಿ ಕರೆಂಟು ಹೆಚ್ಚು ಉರಿಯುತ್ತದೆ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದರೆ ಮೈಲಾರವ್ವ ಇಂದು ಕೆಲಸವಿಲ್ಲದೆ ಮನೆಯಲ್ಲಿ ಕೂರುತ್ತಿರಲಿಲ್ಲ.

ಶಂಭುಲಿಂಗಪ್ಪನ ಗಿರಣಿಯಲ್ಲಿ ಹತ್ತಿಯ ಕಸ ಆರಿಸುವುದು ಅವಳ ಕೆಲಸ. ಮದುವೆಯಾಗಿ ಬಂದಾಗಿನಿಂದ ಅದೇ. ಕುರಿಗಾರರ ಮಗಳು, ಕುರಿಗೆ ಬೇನೆ ಬಂದರೆ ಅಪ್ಪ ಮಂತ್ರಿಸಿದ ದಾರ ಕಟ್ಟುತ್ತಿದ್ದ. ಅವಳಿಗೆ ಮಂತ್ರ ಬಾರದು, ಮಾತು ಬರುತ್ತದೆ.

"ಸಾವ್ಕಾರ್ರ, ಧೂಳು ಕುಡದು ಕುಡದು ನಮ್ಮ ಎದಿ ಹತ್ತಿ ತುಂಬಿದ ಅಂಡಿಗಿ ಆಗೇತ್ರಿ. ಬಿಚ್ಚಿ ಮಾರ್ಕೊಳ್ರಿ," ಎಂದು ಒಮ್ಮೆ ಎಲ್ಲರೆದುರು ಅಂದಳು. ನಕ್ಕವರಲ್ಲಿ ಸಾಹುಕಾರ ಇರಲಿಲ್ಲ.

ಅದರ ಬೆನ್ನಿಗೇ ಹತ್ತಿ ಎಳೆಯುವ ದೊಡ್ಡ ಫ್ಯಾನಿನ ಪೆಟ್ಟಿಗೆ ಸುಟ್ಟುಹೋಯಿತು. ಹತ್ತಿ ಕಡಿಮೆಯಿದ್ದಾಗ ಫ್ಯಾನಿನ ವೇಗ ಇಳಿಸಿ ಕರೆಂಟು ಉಳಿಸುವ ಪೆಟ್ಟಿಗೆ ಅದು. ಅದನ್ನು ಮಾಡಿದ ದೇಶದಿಂದ ಬಿಡಿಭಾಗ ಬರುವಂತಿಲ್ಲ. ಮೆಕ್ಯಾನಿಕ್ ದಾವೂದಸಾಬ ಪೆಟ್ಟಿಗೆ ತೆಗೆದು ವೈರು ನೇರ ಜೋಡಿಸಿದ. ಹತ್ತಿ ಇರಲಿ ಬಿಡಲಿ, ಫ್ಯಾನು ಪೂರ್ತಿ ವೇಗದಲ್ಲೇ ತಿರುಗಿತು. ಬಿಲ್ಲು ಏರಿತು.

"ಅದರ ಮ್ಯಾಲೆ ದಿಗ್ಬಂಧನ ಆಗೇತ್ರಿ, ಏನ್ ಮಾಡ್ಲಿ," ಎಂದು ಸಾಹುಕಾರ ಫೋನಿನಲ್ಲಿ ಹೇಳಿದ್ದು ಅಂಗಳಕ್ಕೆ ಕೇಳಿತು. ನಮ್ಮ ಅಂಗಳಗಳಲ್ಲಿ ಆ ಮಾತಿಗೆ ಅರ್ಥ ಒಂದೇ: ಮಂತ್ರ ಹಾಕಿ ದಿಕ್ಕು ಕಟ್ಟುವುದು. ಸಂಜೆಯೊಳಗೆ ಫ್ಯಾನಿಗೆ ನಿಂಬೆಹಣ್ಣು ಕಟ್ಟಿದರು. ದಾರ ಕಟ್ಟುವವನ ಮಗಳೇ ಕಟ್ಟಿದ್ದೆಂದು ಹೆಂಗಸರು ಮೈಲಾರವ್ವನ ಪಕ್ಕ ಕೂರುವುದು ಬಿಟ್ಟರು.

ದಾವೂದಸಾಬ ಸಾಹುಕಾರನ ಹತ್ತಿರ ಹೋದ. ಮುಂದಿನ ಮಾತು ಇದನ್ನು ಬರೆಯುತ್ತಿರುವ ನನಗೆ ಅವನೇ ಹೇಳಿದ್ದು.

"ಇದು ಸರ್ಕಾರಗೋಳ ಜಗಳ ಅಂತ ಮಂದಿಗೆ ಒಂದ್ ಮಾತ್ ಹೇಳ್ರಿ."

"ನಾ ಎಲ್ಲೆ ಅಕೀ ಹೆಸರು ತಗೊಂಡೇನಿ? ಮಂದಿ ಅಂತಾರ, ಅನ್ಲಿ ಬಿಡೋ. ಅಕೀ ಬಾಯಿನೂ ಬಂದ್ ಆಗ್ತೈತಿ."

ಮರುದಿನ ಅವಳನ್ನು ಗೇಟಿನಲ್ಲೇ ತಡೆದರು. ಒಳಗಿದ್ದ ಸಾಹುಕಾರನಿಗೆ ಕೇಳುವಂತೆ ಮೈಲಾರವ್ವ ಅಂದಳು: "ನನಗ ದಿಕ್ಕು ಕಟ್ಟಾಕ ಬರ್ತಿದ್ರ, ಮೊದ್ಲ ನಿಮ್ಮ ನಾಲಿಗಿ ಕಟ್ತಿದ್ನಲ್ರಿ."

ನನಗೆ ಸೇಡು ಬೇಕು. ದೇಶಗಳ ಮೇಲೆ ದಿಗ್ಬಂಧನ ಹೇರುವವರು ನನ್ನ ಕೈಗೆ ಎಟುಕುವುದಿಲ್ಲ. ಶಂಭುಲಿಂಗಪ್ಪನ ಗೇಟು ಎಟುಕುತ್ತದೆ. ಅವನ ಫ್ಯಾನು ಬರೀ ಗಾಳಿ ಎಳೆದು ಬಿಲ್ಲು ಏರಿಸಲಿ. ಹತ್ತಿ ಬೆಳೆದವರೇ, ಅದೇ ಅಂಗಳದಲ್ಲಿ, ಅದೇ ಹೆಂಗಸರೆದುರು ಮೈಲಾರವ್ವನನ್ನು ಕರೆದು ಅವನು ನಿಜ ಹೇಳುವ ತನಕ, ನಿಮ್ಮ ಒಂದು ಗಾಡಿ ಹತ್ತಿಯನ್ನೂ ಅಲ್ಲಿ ಇಳಿಸಬೇಡಿ.