ಕುದುರೆಯ ಕೆಳಗೆ ಟಂಡ್ರಾ

ಸುರಪುರದಲ್ಲಿ ನನ್ನಷ್ಟು ಚೆನ್ನಾಗಿ ಸುಳ್ಳು ಹೇಳುವ ಭೂಗೋಳದ ಮಾಸ್ತರ ಇನ್ನೊಬ್ಬ ಹುಟ್ಟಿಲ್ಲ. ತರಗತಿಯ ಗೋಡೆಗೆ ಹಾಕುವ ಪಟವನ್ನು ನಾನೇ ಬರೆದಿದ್ದೆ. ಒಂದು ಬದಿಗೆ ಎದೆಮಟ್ಟದ ಹುಲ್ಲು, ಕುದುರೆ. ಇನ್ನೊಂದು ಬದಿಗೆ ಪಾಚಿ, ಹಿಮಸಾರಂಗ. ಎರಡರಲ್ಲೂ ಒಂದೂ ಮರವಿಲ್ಲ. ಬೇಕೆಂದೇ ಹೆಸರು ಅದಲುಬದಲು ಮಾಡಿ, ಕುದುರೆಯ ಕೆಳಗೆ ಟಂಡ್ರಾ ಎಂದೂ ಸಾರಂಗದ ಕೆಳಗೆ ಸ್ಟೆಪ್ಪಿ ಎಂದೂ ಬರೆದಿದ್ದೆ. ತಪ್ಪು ಹಿಡಿದವರಿಗೆ ನನ್ನ ಕಡೆಯಿಂದ ಮಿರ್ಚಿಭಜಿ. ಯಾರೂ ಹಿಡಿಯದಿದ್ದರೆ ವರ್ಷದ ಕೊನೆಗೆ ನಾನೇ ಹೇಳಿ ನಗುತ್ತಿದ್ದೆ.

ನಿವೃತ್ತಿಯಾದ ವರ್ಷ ಹಾರ, ಶಾಲುಗಳ ಗದ್ದಲದಲ್ಲಿ ಹೇಳುವುದನ್ನೇ ಮರೆತೆ. ಸಾಲದ್ದಕ್ಕೆ ಆ ಪಟವನ್ನು ತರಗತಿಯಲ್ಲಿ ಮೊದಲ ಸ್ಥಾನ ಪಡೆದ ಹುಡುಗಿಗೆ ಬಹುಮಾನವಾಗಿ ಕೊಟ್ಟುಬಿಟ್ಟೆ.

ಅವಳೀಗ ಶಹಾಪುರದ ಖಾಸಗಿ ಶಾಲೆಯೊಂದರಲ್ಲಿ ಹೊಸ ಶಿಕ್ಷಕಿ. ಹೋದ ತಿಂಗಳು ಒಂದು ಬೆಳಿಗ್ಗೆ ಫೋನು ಮಾಡಿದಳು.

"ಸರ್, ಇವತ್ತು ನಮ್ಮ ಸಂಸ್ಥೆ ಸಾಹೇಬ್ರು ನನ್ನ ಪಾಠ ನೋಡಾಕ ಬರ್ತಾರ್ರಿ. ಅವರು ಹೂಂ ಅಂದ್ರ ನೌಕರಿ ಕಾಯಂ. ನಿಮ್ಮ ಪಟಾನೇ ಹಾಕ್ತೀನ್ರಿ. ಆಶೀರ್ವಾದ ಮಾಡ್ರಿ."

ಆಶೀರ್ವಾದ ಮಾಡಿ ಫೋನು ಇಟ್ಟ ಮೇಲೆ ಕುದುರೆ ನೆನಪಾಯಿತು. ಮರಳಿ ಹಚ್ಚಿದರೆ ಸ್ವಿಚ್ ಆಫ್.

ಓಡಿಹೋಗಿ ಶಹಾಪುರದ ಬಸ್ಸು ಹತ್ತಿದೆ. ಅಂಗಿ ಬೆನ್ನಿಗೆ ಅಂಟಿತ್ತು. ಪುಸ್ತಕ ಓದಿ ನಿಜ ತಿಳಿದುಕೊಂಡಿರಬಹುದಲ್ಲ ಎಂದುಕೊಂಡೆ. ಆದರೆ ಅವಳು ಪುಸ್ತಕಕ್ಕಿಂತ ನನ್ನನ್ನೇ ಹೆಚ್ಚು ನಂಬುತ್ತಿದ್ದವಳು.

"ಯಾಕ್ರಿ ಮಾಸ್ತರ, ಹಿಂಗ್ಯಾಕ ಬೆವರಾಕತ್ತೀರಿ?" ಎಂದ ಕಂಡಕ್ಟರ್.

"ಕುದುರಿ ತಪ್ಪಿಸಿಕೊಂಡದಪ. ಬಸ್ಸು ಲಗೂನ ಬಿಡಸು."

ಶಾಲೆಯ ಬಾಗಿಲಿಗೆ ನಾನು ಬಂದಾಗ ಸಾಹೇಬರು ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ಅವಳು ಕುದುರೆಯ ಮೇಲೆ ಕೋಲಿಟ್ಟು, "ಇಲ್ಲಿ ಏನಂತ ಬರದಾರ?" ಎಂದಳು.

"ಟಂಡ್ರಾ!" ಎಂದು ಮಕ್ಕಳೆಲ್ಲ ಕೂಗಿದರು.

ನನ್ನಿಂದ ತಡೆಯಲಾಗಲಿಲ್ಲ. "ಅದು ತಪ್ಪು ಅದರಿ ಸಾಹೇಬ್ರ! ನಾನೇ ಉಲ್ಟಾ ಬರದೀನಿ. ಆಕಿದೇನೂ ತಪ್ಪಿಲ್ರಿ!"

ಅವಳು ಹಣೆ ಚಚ್ಚಿಕೊಂಡಳು.

"ಸರ್, ಉತ್ತರ ಹೇಳೇಬಿಟ್ರಲ್ರಿ! ಉಲ್ಟಾ ಅಂತ ನನಗೂ ಗೊತ್ತದರಿ. ಹುಡುಗ್ರು ಹಿಡೀಲಿ ಅಂತ ಕಾಯಾಕತ್ತಿದ್ದೆ. ಭಜಿನೂ ತರಿಸಿಟ್ಟೀನಿ."

ಸಾಹೇಬರ ಪೆನ್ನು ನಿಂತಿತು. "ಕುಂದರ್ರಿ ಮಾಸ್ತರ," ಎಂದರು. "ಬಾಯಿ ಮುಚ್ಚಿ."

ಕೂತೆ. ಜೀವಮಾನದಲ್ಲಿ ಮೊದಲ ಬಾರಿ ಬಾಯಿಯನ್ನೂ ಮುಚ್ಚಿದೆ. ಅವಳು ಕೋಲನ್ನು ಪಟದ ನಡುವಿಗೆ ಸರಿಸಿದಳು.

"ಆತು, ಹೆಸರು ಸರ್ ಹೇಳಿದ್ರು. ಎರಡೂ ಕಡಿ ಗಿಡ-ಮರ ಯಾಕಿಲ್ಲ? ಅದನ್ನ ನೀವು ಹೇಳ್ರಿ."

ಉತ್ತರ ನನ್ನ ಬಾಯಿಗೆ ಬಂದಿತ್ತು. ನಾನು ನಾಲಿಗೆ ಕಚ್ಚಿಕೊಂಡೆ. ಕೊನೆಗೆ ಮೂಲೆಯ ಹುಡುಗಿ ಎದ್ದಳು.

"ಟೀಚರ್, ಸ್ಟೆಪ್ಪಿದಾಗ ಮಣ್ಣು ನಮ್ಮ ಎರಿ ಹೊಲದಂಗ ಕರ್ರಗ, ಚಲೋ ಅದರಿ. ಆದ್ರ ಗಿಡಕ್ಕ ಮಳಿ ಸಾಲಂಗಿಲ್ಲ. ಟಂಡ್ರಾದಾಗ ಒಂದೀಟು ಅಗದ್ರ ಸಾಕು, ತಳಕ್ಕ ಎಂದೂ ಕರಗದ ಬರ್ಫ್ರಿ. ನಮ್ಮ ಗುಡ್ಡದ ಬಂಡೆಗಲ್ಲು ಇದ್ದಂಗ. ಬೇರು ಇಳಿಯೂದು ಎಲ್ಲಿ?"

ಸಾಹೇಬರ ಪೆನ್ನು ಮತ್ತೆ ಓಡಿತು. ಇಣುಕಿದೆ, ಹಾಳೆ ಮುಚ್ಚಿಕೊಂಡರು.

"ಭಜಿ ಆ ಹುಡುಗಿಗಿ ಕೊಡ್ರಿ ಟೀಚರ್, ನನಗೂ ಒಂದು," ಎಂದರು. "ನಾಳಿಂದ ನೀವು ನಮ್ಮವ್ರೇ. ಮಾಸ್ತರಿಗಿ ಮಾತ್ರ ಕೊಡಬ್ಯಾಡ್ರಿ."

ಅವಳು ಕೋಲು ಕೆಳಗಿಟ್ಟು ಭಜಿಯ ಪೊಟ್ಟಣ ಬಿಚ್ಚಿದಳು. ನಾನು ಖಾಲಿ ಕೈಯಲ್ಲಿ ಚಪ್ಪಾಳೆ ತಟ್ಟಿದೆ.